ಅನಿಲದ ಕೊಳವೆಯನ್ನು ಒಳಗಿನಿಂದ ತಿನ್ನುವ ದೋಷಗಳು: ಕಂಡುಹಿಡಿಯುವ ಹೊಣೆ ಯಾರದು?

ಗೋಬರ್ ಅನಿಲದ ತೊಟ್ಟಿಯನ್ನು ಕಟ್ಟಿಸಿದ ಮನೆಯಲ್ಲಿ ಒಲೆಯು ಕೆಲವು ವರ್ಷ ಚೆನ್ನಾಗಿ ಉರಿದು, ಆಮೇಲೆ ಕ್ರಮೇಣ ಉರಿ ಕುಗ್ಗಿ, ಕಡೆಗೆ ಒಂದು ದಿನ ನಿಂತುಹೋದರೆ, ಅದಕ್ಕೆ ಊರಿನಲ್ಲಿ ಹೇಳುವ ಕಾರಣಗಳು ಸಾಮಾನ್ಯವಾಗಿ ಎರಡು. ದನಕರುಗಳು ಕಡಿಮೆಯಾಗಿ ಸೆಗಣಿ ಸಾಲದೆ ಹೋಯಿತೆಂಬುದು ಒಂದು. ತೊಟ್ಟಿಯನ್ನು ಕಟ್ಟಿದ ಮೇಸ್ತ್ರಿಯ ಕೆಲಸ ನೆಟ್ಟಗಿರಲಿಲ್ಲವೆಂಬುದು ಇನ್ನೊಂದು. ಎರಡೂ ಅನೇಕ ಕಡೆ ನಿಜವೇ. ಆದರೆ ಮೂರನೆಯ ಕಾರಣವೊಂದುಂಟು. ಅದನ್ನು ಹೇಳುವವರು ವಿರಳ, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ತೊಟ್ಟಿಯಿಂದ ಅಡುಗೆಮನೆಗೆ ಬರುವ ಕಬ್ಬಿಣದ ಕೊಳವೆ, ಅದರ ನಲ್ಲಿ, ಒಲೆಯ ಬಾಯಿ, ಇವು ಒಳಗಿನಿಂದ ಜಂಗು ತಿಂದು ಸವೆದುಹೋಗಿರುತ್ತವೆ. ಹೊರಗೆ ಬಣ್ಣ ಬಳಿದ ಕೊಳವೆಯು ನೋಡುವುದಕ್ಕೆ ಹೊಸದರಂತೆಯೇ ಇರುತ್ತದೆ. ಅದನ್ನು ತಿನ್ನುವುದು ಹೊರಗಿನ ಮಳೆಯಲ್ಲ, ಬಿಸಿಲಲ್ಲ. ಒಳಗೆ ಹರಿಯುವ ಅನಿಲವೇ.

ಈ ದೋಷವನ್ನು ಮೊದಲೇ ಕಂಡುಹಿಡಿಯುವುದು ಕಷ್ಟವೂ ಅಲ್ಲ, ಹೆಚ್ಚಿನ ವೆಚ್ಚದ್ದೂ ಅಲ್ಲ. ಅದು ತನ್ನ ಕೆಲಸವೆಂದು ಯಾರೂ ಭಾವಿಸದಿರುವುದೇ ತೊಂದರೆಯ ಮೂಲ. ಸಿಂಧನೂರು, ಮಸ್ಕಿ, ಲಿಂಗಸೂಗೂರು ತಾಲ್ಲೂಕುಗಳ ಗೌಡರೂ, ಪಂಚಾಯತಿಯ ಮುಖ್ಯಸ್ಥರೂ, ಜಮೀನುದಾರರೂ ಈ ಕೆಲಸವನ್ನು ಊರಿನ ಕೆಲಸವೆಂದು ಕೈಗೆತ್ತಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಅದರಲ್ಲಿಯೂ ಆರ್.ಎಚ್. ಕ್ಯಾಂಪುಗಳ ಹಿರಿಯರನ್ನು ಕುರಿತು ವಿಶೇಷವಾಗಿ ಬರೆಯುತ್ತಿರುವುದಕ್ಕೆ ಕಾರಣಗಳುಂಟು. ಅವು ಮುಂದೆ ತಿಳಿದುಬರುವುವು.

ಮೊದಲು ಅನಿಲದ ಸ್ವರೂಪವನ್ನು ತಿಳಿಯೋಣ. ಸೆಗಣಿಯು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆತಾಗ ಹೊರಡುವ ಅನಿಲದಲ್ಲಿ ಉರಿಯತಕ್ಕ ಭಾಗವು ಮಿಥೇನ್. ಅದು ನೂರಕ್ಕೆ ೫೫ರಿಂದ ೬೫ ಪಾಲು. ಉಳಿದುದರಲ್ಲಿ ಬಹುಭಾಗ ಇಂಗಾಲಾಮ್ಲ ವಾಯು. ಇವೆರಡರ ಜೊತೆಗೆ ನೀರಿನ ಆವಿಯೂ, ಹೈಡ್ರೋಜನ್ ಸಲ್ಫೈಡ್ ಎಂಬ ಗಂಧಕದ ವಾಯುವೂ ಇರುತ್ತವೆ. ಕೊಳೆತ ಮೊಟ್ಟೆಯ ನಾತವು ಈ ಕೊನೆಯದರದು. ಇದರ ಪ್ರಮಾಣ ಬಹು ಸ್ವಲ್ಪ: ಹತ್ತು ಲಕ್ಷ ಪಾಲು ಅನಿಲದಲ್ಲಿ ಕೆಲವು ನೂರರಿಂದ ಎರಡು ಮೂರು ಸಾವಿರ ಪಾಲು. ಇಷ್ಟು ಅಲ್ಪವಾದುದು ಏನು ಮಾಡೀತೆಂದು ತೋರುವುದು ಸಹಜ. ಆದಕಾರಣ ಒಂದು ಲೆಕ್ಕವನ್ನು ಮಾಡಿ ನೋಡಬೇಕು. ದಿನಕ್ಕೆ ಎರಡು ಘನ ಮೀಟರ್ ಅನಿಲ ಕೊಡುವ ತೊಟ್ಟಿಗೆ ಸುಮಾರು ೫೦ ಕಿಲೋ ಸೆಗಣಿ ಬೇಕು. ಅಂದರೆ ನಾಲ್ಕೈದು ದನಗಳುಳ್ಳ ಮನೆಯ ತೊಟ್ಟಿ. ಅದರ ಅನಿಲದಲ್ಲಿ ಗಂಧಕದ ವಾಯುವು ಹತ್ತು ಲಕ್ಷಕ್ಕೆ ಸಾವಿರ ಪಾಲು ಇದ್ದರೆ, ದಿನಕ್ಕೆ ಎರಡು ಲೀಟರಿನಂತೆ ವರ್ಷಕ್ಕೆ ೭೩೦ ಲೀಟರ್ ಆಯಿತು. ತೂಕದಲ್ಲಿ ಅದು ಸುಮಾರು ಒಂದು ಕಿಲೋ. ವರ್ಷಕ್ಕೆ ಒಂದು ಕಿಲೋ ಗಂಧಕದ ವಾಯುವು ಒಂದೇ ಒಂದು ಸಣ್ಣ ಕೊಳವೆಯಲ್ಲಿ, ಒಂದೇ ನಲ್ಲಿಯ ಮೂಲಕ, ಒಂದೇ ಒಲೆಗೆ ಹೋಗುತ್ತದೆ.

ಒಣಗಿದ ಅನಿಲದಲ್ಲಿ ಈ ವಾಯುವು ಕಬ್ಬಿಣಕ್ಕೆ ಅಷ್ಟು ಬೇಗ ಕೇಡು ಮಾಡಲಾರದು. ನೀರು ಸೇರಿದಾಗಲೇ ಅದರ ಹಲ್ಲು ಮೊಳೆಯುವುದು. ತೊಟ್ಟಿಯಿಂದ ಹೊರಡುವ ಅನಿಲವು ನೀರಿನ ಆವಿಯನ್ನು ತಾನು ಹೊರಬಲ್ಲಷ್ಟೂ ಹೊತ್ತಿರುತ್ತದೆ. ೩೫ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಂದು ಘನ ಮೀಟರ್ ಅನಿಲವು ಸುಮಾರು ೪೦ ಗ್ರಾಂ ನೀರನ್ನು ಆವಿಯಾಗಿ ಹಿಡಿದಿಡಬಲ್ಲದು. ರಾತ್ರಿ ತಂಪಾಗಿ ೨೦ ಡಿಗ್ರಿಗೆ ಇಳಿದರೆ ೧೭ ಗ್ರಾಮಿಗಿಂತ ಹೆಚ್ಚು ಹಿಡಿಯಲಾರದು. ಉಳಿದುದು ಕೊಳವೆಯ ಒಳಗೋಡೆಯ ಮೇಲೆ ಬೆವರಿನಂತೆ ಇಳಿಯುತ್ತದೆ. ನಮ್ಮ ಎರಡು ಘನ ಮೀಟರಿನ ತೊಟ್ಟಿಯಲ್ಲಿ ಇದು ದಿನಕ್ಕೆ ೪೦ ಗ್ರಾಂ ಆದರೂ ತಿಂಗಳಿಗೆ ಒಂದು ಲೀಟರಿಗೆ ಮೀರುತ್ತದೆ. ಆ ನೀರಿನಲ್ಲಿ ಇಂಗಾಲಾಮ್ಲ ವಾಯು ಕರಗಿ ನೀರು ಹುಳಿಯಾಗುತ್ತದೆ. ಗಂಧಕದ ವಾಯುವೂ ಕರಗಿ ಕಬ್ಬಿಣವನ್ನು ಕರಿಯ ಪುಡಿಯಾಗಿ ಮಾರ್ಪಡಿಸುತ್ತದೆ. ಹಿತ್ತಾಳೆಯ ನಲ್ಲಿಯೂ ಕಪ್ಪಾಗಿ ಬಿಗಿದುಕೊಳ್ಳುತ್ತದೆ. ಹೀಗೆ ತಿನ್ನುವವರು ಮೂವರು: ನೀರು, ಇಂಗಾಲಾಮ್ಲ, ಗಂಧಕದ ವಾಯು. ಒಬ್ಬೊಬ್ಬರೇ ಬಂದರೆ ಕೆಲಸ ನಿಧಾನ. ಮೂವರೂ ಕೂಡಿದರೆ ಕೊಳವೆಗೆ ಉಳಿಗಾಲವಿಲ್ಲ.

ಇನ್ನು ಈ ಸೀಮೆಯ ವಿಶೇಷಕ್ಕೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಮೇಲೆ ಸಿಂಧನೂರಿನ ಎರೆಭೂಮಿಯು ಭತ್ತದ ಕಣಜವೆಂದು ಹೆಸರಾಯಿತು. ಅದರೊಡನೆ ಸವಳು-ಜವಳಿನ ಪೀಡೆಯೂ ಬಂದುದು ಎಲ್ಲರಿಗೂ ಗೊತ್ತಿರುವ ಸಂಗತಿ. ನೀರು ನಿಂತು ಬಸಿಯದ ಗದ್ದೆಯಲ್ಲಿ ನೆಲ್ಲಿನ ಬುಡವನ್ನು ಕಿತ್ತು ನೋಡಿದ ರೈತನಿಗೆ, ಬೇರು ಕಪ್ಪಾಗಿರುವುದೂ ಕೆಸರಿನಿಂದ ಕೊಳೆತ ಮೊಟ್ಟೆಯ ನಾತ ಬರುವುದೂ ಹೊಸದಲ್ಲ. ಆ ನಾತವೂ ತೊಟ್ಟಿಯ ನಾತವೂ ಒಂದೇ ವಾಯುವಿನದು. ಹುಟ್ಟುವ ಬಗೆಯೂ ಒಂದೇ. ಗಾಳಿಯಿಲ್ಲದ ಕೆಸರಿನಲ್ಲಿರುವ ಒಂದು ಜಾತಿಯ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಸಲ್ಫೇಟ್ ಲವಣಗಳನ್ನು ಒಡೆದು ಗಂಧಕದ ವಾಯುವನ್ನು ಬಿಡುತ್ತವೆ. ಸವಳು ನೀರಿನಲ್ಲಿ ಈ ಲವಣಗಳು ಹೆಚ್ಚಾಗಿರುವುದುಂಟು. ಕರಲು ಭೂಮಿಯನ್ನು ಸರಿಪಡಿಸಲು ಹಾಕುವ ಜಿಪ್ಸಂ ಕೂಡ ಸುಣ್ಣದ ಸಲ್ಫೇಟೇ ಆಗಿರುವುದು. ಭೂಮಿಗೆ ಅದು ಔಷಧ. ಅದರಿಂದ ಬಸಿದು ಬಂದ ನೀರನ್ನು ತೊಟ್ಟಿಗೆ ಕಲಸಿದರೆ ಕೊಳವೆಗೆ ವಿಷ.

ಸೆಗಣಿಗೆ ಸಮಪಾಲು ನೀರನ್ನು ಬೆರೆಸಿ ತೊಟ್ಟಿಗೆ ಹಾಕುವುದು ರೂಢಿ. ಕಾಲುವೆಯಲ್ಲಿ ನೀರು ನಿಂತ ತಿಂಗಳುಗಳಲ್ಲಿ, ಕೊನೆಭಾಗದ ಊರುಗಳಲ್ಲಿ, ಕೈಗೆ ಸಿಕ್ಕಿದ ಕೊಳವೆಬಾವಿಯ ಉಪ್ಪು ನೀರನ್ನೋ ಬಸಿಗಾಲುವೆಯ ನೀರನ್ನೋ ಬೆರೆಸುವುದು ಸ್ವಾಭಾವಿಕ. ಹೀಗೆ ಒಂದೇ ಮೇಸ್ತ್ರಿಯು ಒಂದೇ ಅಳತೆಯಲ್ಲಿ ಕಟ್ಟಿದ ಎರಡು ತೊಟ್ಟಿಗಳಲ್ಲಿ, ಸಿಹಿನೀರು ಬೆರೆಸಿದ ಮನೆಯ ಕೊಳವೆ ಬಾಳಿ, ಉಪ್ಪುನೀರಿನ ಮನೆಯ ಕೊಳವೆ ಬೇಗ ಹಾಳಾದರೆ ಆಶ್ಚರ್ಯಪಡಬೇಕಾದುದಿಲ್ಲ. ಬೇರೆ ಸೀಮೆಯ ಅನುಭವವನ್ನು ನಂಬಿ ಇಲ್ಲಿಯ ಅನಿಲವನ್ನು ಪರೀಕ್ಷಿಸದೆ ಬಿಡುವುದು ಸರಿಯಲ್ಲವೆಂಬುದಕ್ಕೆ ಇದೇ ಮುಖ್ಯ ಕಾರಣ. ಸವಳು ಭೂಮಿಯ ವಿಷಯವಾಗಿ ಬಹುಕಾಲದಿಂದ ಕೆಲಸ ಮಾಡುತ್ತಿರುವ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ನಮಗೆ ದೂರವಿಲ್ಲ. ತೊಟ್ಟಿ ಕಟ್ಟಿಸುವ ಮೊದಲು ನೀರಿನ ಗುಣವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಗೋಬರ್ ಅನಿಲದ ಚರಿತ್ರೆಯೇ ಒಂದು ವಿಧದಲ್ಲಿ ಜಂಗಿನೊಡನೆ ಮಾಡಿದ ಹೋರಾಟದ ಚರಿತ್ರೆ. ಜಶಭಾಯಿ ಪಟೇಲರು ರೂಪಿಸಿ, ೧೯೬೦ರ ದಶಕದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗವು ದೇಶದಲ್ಲೆಲ್ಲ ಹರಡಿದ ಮಾದರಿಯಲ್ಲಿ, ಅನಿಲವನ್ನು ಹಿಡಿದಿಡುವುದಕ್ಕೆ ತೊಟ್ಟಿಯ ಮೇಲೆ ತೇಲುವ ಉಕ್ಕಿನ ಡ್ರಮ್ಮು ಇರುತ್ತಿತ್ತು. ಒಳಗೆ ಹುಳಿಯಾದ ಆವಿ, ಹೊರಗೆ ಗಾಳಿ, ನಡುವೆ ಬಗ್ಗಡದ ಅಂಚು. ವರ್ಷಕ್ಕೊಮ್ಮೆ ಬಣ್ಣ ಬಳಿಯದಿದ್ದರೆ ಡ್ರಮ್ಮು ತೂತಾಗುತ್ತಿತ್ತು. ಆ ಖರ್ಚನ್ನು ತಪ್ಪಿಸುವುದಕ್ಕಾಗಿಯೇ ೧೯೭೮ರಲ್ಲಿ ಜನತಾ ಮಾದರಿಯೂ, ೧೯೮೪ರಲ್ಲಿ ದೀನಬಂಧು ಮಾದರಿಯೂ ಬಂದುವು. ಇವುಗಳಲ್ಲಿ ಡ್ರಮ್ಮಿಗೆ ಬದಲಾಗಿ ಗಾರೆಯ ಗುಮ್ಮಟ. ಜಂಗಿನ ಮಾತು ಅಲ್ಲಿಗೆ ಮುಗಿಯಿತೆಂದು ಅನೇಕರು ತಿಳಿದರು. ಆದರೆ ಡ್ರಮ್ಮು ಹೋದರೂ ಗುಮ್ಮಟದ ನೆತ್ತಿಯ ಕಬ್ಬಿಣದ ನಳಿಗೆ, ನಲ್ಲಿ, ಒಲೆ ಉಳಿದುವಲ್ಲವೇ? ಡ್ರಮ್ಮಿನ ಜಂಗು ಎಲ್ಲರಿಗೂ ಕಾಣುತ್ತಿತ್ತು. ನಳಿಗೆಯ ಒಳಗಿನ ಜಂಗು ಯಾರಿಗೂ ಕಾಣುವುದಿಲ್ಲ. ಕೇಡು ಚಿಕ್ಕದಾಯಿತು, ಆದರೆ ಗುಪ್ತವಾಯಿತು.

ಗುಪ್ತವಾದ ಕೇಡು ಎಲ್ಲಿಯವರೆಗೆ ಹೋದೀತೆಂಬುದನ್ನು ತಿಳಿಯಲು ದೊಡ್ಡ ಕೊಳವೆಗಳ ಕಡೆಗೆ ನೋಡಬೇಕು. ನಮ್ಮ ತಾಲ್ಲೂಕಿನ ಅನೇಕ ಕ್ಯಾಂಪುಗಳಲ್ಲಿ ಆಂಧ್ರದ ಕರಾವಳಿಯಿಂದ ಬಂದು ನೆಲೆಸಿದ ರೈತರಿದ್ದಾರೆ. ಗೋದಾವರಿ ಸೀಮೆಯ ಸುದ್ದಿ ಅವರಿಗೆ ಮನೆಯ ಸುದ್ದಿಯಷ್ಟೇ ಹತ್ತಿರ. ಆಗಿನ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಎಂಬ ಗ್ರಾಮದಲ್ಲಿ ೨೦೧೪ನೆಯ ಇಸವಿ ಜೂನ್ ೨೭ರ ಬೆಳಗಿನ ಜಾವ, ಭೂಮಿಯೊಳಗೆ ಹಾದುಹೋಗಿದ್ದ ನೈಸರ್ಗಿಕ ಅನಿಲದ ಕೊಳವೆ ಒಡೆದು, ಹರಡಿದ ಅನಿಲಕ್ಕೆ ಬೆಂಕಿ ಹತ್ತಿ, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮನೆಗಳೂ ತೆಂಗಿನ ತೋಟಗಳೂ ಸುಟ್ಟುಹೋದುವು. ಆ ಕೊಳವೆಯು ಗೇಲ್ ಎಂಬ ಸರ್ಕಾರಿ ಸಂಸ್ಥೆಯದು. ಒಣ ಅನಿಲಕ್ಕಾಗಿ ಹಾಕಿದ್ದ ಆ ಕೊಳವೆಯಲ್ಲಿ ನೀರಿನಂಶವುಳ್ಳ ಹಸಿ ಅನಿಲವನ್ನು ಹರಿಸಿದುದರಿಂದ ಒಳಗೆ ಜಂಗು ಹತ್ತಿ ಗೋಡೆ ಸವೆದಿತ್ತೆಂದು ತನಿಖೆಯಲ್ಲಿ ತಿಳಿದುಬಂದಿತು. ಅನಿಲ ಸೋರುವ ವಾಸನೆ ಮೊದಲೇ ಬರುತ್ತಿತ್ತೆಂದು ಗ್ರಾಮಸ್ಥರು ಹೇಳಿದುದನ್ನು ಆಗಿನ ವೃತ್ತಪತ್ರಿಕೆಗಳು ಪ್ರಕಟಿಸಿದ್ದುವು.

ಇದು ನಮ್ಮ ದೇಶದ ಅಜಾಗರೂಕತೆ ಮಾತ್ರವೆಂದು ತಿಳಿಯಬಾರದು. ಅಮೆರಿಕ ದೇಶದ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ, ಕಾರ್ಲ್ಸ್‌ಬಾಡ್ ಪಟ್ಟಣದ ಹತ್ತಿರ, ೨೦೦೦ನೆಯ ಇಸವಿ ಆಗಸ್ಟ್ ೧೯ರಂದು ಇಂಥದೇ ಕೊಳವೆಯೊಂದು ಒಡೆದು, ನದಿಯ ದಡದಲ್ಲಿ ಬಿಡಾರ ಹೂಡಿದ್ದ ೧೨ ಮಂದಿ ಸತ್ತರು. ಅಲ್ಲಿಯೂ ಕೊಳವೆಯ ತಗ್ಗಿನಲ್ಲಿ ನಿಂತ ನೀರು ಮತ್ತು ಅದರಲ್ಲಿ ಸೇರಿದ ಕಲ್ಮಷಗಳೇ ಗೋಡೆಯನ್ನು ತಿಂದಿದ್ದುವು.

ಮನೆಯ ತೊಟ್ಟಿಯ ಕೊಳವೆಯಲ್ಲಿ ಅಂಥ ಒತ್ತಡವಿಲ್ಲ; ಅದು ಒಡೆದು ಊರನ್ನು ಸುಡುವುದಿಲ್ಲ. ಸುಮ್ಮನೆ ಭಯ ಹುಟ್ಟಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ತಿನ್ನುವ ವಸ್ತುಗಳು ಎರಡೂ ಕಡೆ ಒಂದೇ. ದಾಭೋಳದಿಂದ ಬೆಂಗಳೂರಿಗೆ ಹೋಗುವ ದೊಡ್ಡ ಕೊಳವೆಯು ೨೦೧೩ರಿಂದ ಕರ್ನಾಟಕದ ಹೊಲಗಳ ಕೆಳಗೆ ಅನಿಲವನ್ನು ಒಯ್ಯುತ್ತಿದೆ. ಕೊಚ್ಚಿಯಿಂದ ಕಾಸರಗೋಡಿನ ಮೇಲೆ ಮಂಗಳೂರಿಗೆ ಬರುವ ೪೫೦ ಕಿಲೋಮೀಟರಿನ ಕೊಳವೆಯು ೨೦೨೧ರ ಜನವರಿಯಲ್ಲಿ ಆರಂಭವಾಯಿತು. ಇಂಥ ಕೊಳವೆಗಳಿಗೆ ಅನಿಲ ಸೇರುವ ಮೊದಲೇ ಅದರ ತೇವವನ್ನೂ ಗಂಧಕವನ್ನೂ ಯಂತ್ರಗಳಿಂದ ಅಳೆಯುತ್ತಾರೆ. ಕೊಳವೆಯದೇ ಲೋಹದ ಚಿಕ್ಕ ತಗಡನ್ನು ತೂಗಿ ಒಳಗೆ ತೂಗುಹಾಕಿ, ಕೆಲವು ತಿಂಗಳಾದಮೇಲೆ ತೆಗೆದು ಮತ್ತೆ ತೂಗಿ, ಎಷ್ಟು ಸವೆಯಿತೆಂದು ನೋಡುತ್ತಾರೆ. ಕೊಳವೆಯೊಳಗೇ ಓಡಿ ಗೋಡೆಯ ದಪ್ಪವನ್ನು ಅಳೆಯುವ ಯಂತ್ರವೂ ಉಂಟು. ಇಂಜಿನಿಯರುಗಳು ಅದಕ್ಕೆ ಹಂದಿಯೆಂದು ಹೆಸರಿಟ್ಟಿರುವುದು ವಿನೋದ.

ಇವುಗಳಲ್ಲಿ ಒಂದು ಸಂಗತಿ ನಮ್ಮ ಗ್ರಾಮಗಳಿಗೆ ಬಹು ಮುಖ್ಯ. ದೊಡ್ಡ ಕೊಳವೆಗಳಲ್ಲಿ ಗಂಧಕದ ವಾಯುವನ್ನು ಅಳೆಯುವ ಒಂದು ಪ್ರಸಿದ್ಧ ಯಂತ್ರದೊಳಗೆ ಇರುವುದು, ಲೆಡ್ ಅಸಿಟೇಟ್ ಎಂಬ ಸೀಸದ ಲವಣವನ್ನು ಸವರಿದ ಕಾಗದದ ಪಟ್ಟಿ. ಗಂಧಕದ ವಾಯು ತಗುಲಿದೊಡನೆ ಬಿಳಿಯ ಪಟ್ಟಿಯು ಕಂದಾಗಿ, ಹೆಚ್ಚು ತಗುಲಿದರೆ ಕಪ್ಪಾಗುತ್ತದೆ. ಯಂತ್ರವು ಆ ಬಣ್ಣವನ್ನು ಓದುತ್ತದೆ, ಅಷ್ಟೇ. ಅದೇ ಕಾಗದವು ರಸಾಯನ ವಸ್ತುಗಳ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ. ಬಣ್ಣ ಓದುವುದಕ್ಕೆ ಮನುಷ್ಯನ ಕಣ್ಣು ಸಾಕು.

ಕಣ್ಣು ಸಾಕು, ಆದರೆ ಮೂಗು ಸಾಲದು. ಇದನ್ನು ಒತ್ತಿ ಹೇಳಬೇಕಾಗಿದೆ. ವಾಸನೆ ಬಂದರೆ ತಾನೇ ಗೊತ್ತಾಗುತ್ತದೆಯೆಂದು ಅನೇಕರು ನಂಬಿದ್ದಾರೆ. ಗಂಧಕದ ವಾಯುವು ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ತಿಳಿಯುವುದು ನಿಜ. ಆದರೆ ೧೦೦ ಪಾಲಿನ ಹತ್ತಿರ ಬಂದಾಗ ಕೆಲವೇ ನಿಮಿಷಗಳಲ್ಲಿ ಮೂಗು ಸತ್ತು, ವಾಸನೆಯೇ ಇಲ್ಲವೆಂಬಂತೆ ತೋರುತ್ತದೆ. ೫೦೦ ದಾಟಿದರೆ ಮನುಷ್ಯನ ಪ್ರಾಣವೇ ಹೋಗಬಹುದು. ಖಾಲಿಮಾಡಿದ ತೊಟ್ಟಿಗೋ ಮಲದ ಗುಂಡಿಗೋ ಒಬ್ಬನು ಇಳಿದು ಬಿದ್ದು, ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಬಿದ್ದ ಸುದ್ದಿಗಳನ್ನು ವೃತ್ತಪತ್ರಿಕೆಗಳಲ್ಲಿ ಪದೇ ಪದೇ ಓದುತ್ತೇವೆ. ಊರಿನ ಮುಖ್ಯಸ್ಥರಾದವರು ಯಾವ ಕೂಲಿಯನ್ನೂ, ಯಾವ ಕಾರಣಕ್ಕೂ, ತೊಟ್ಟಿಯೊಳಕ್ಕೆ ಇಳಿಸಗೊಡಬಾರದು. ವಾಸನೆ ನಿಂತಿತೆಂಬುದು ಕ್ಷೇಮದ ಗುರುತಲ್ಲ.

ಹಾಗಾದರೆ ಪರೀಕ್ಷೆಯನ್ನು ಮಾಡತಕ್ಕ ಬಗೆ ಹೇಗೆ? ಒಲೆಯನ್ನು ಕಳಚಿ, ಬೆಂಕಿಯನ್ನೂ ದೀಪವನ್ನೂ ದೂರವಿಟ್ಟು, ಕಿಟಕಿ ಬಾಗಿಲುಗಳನ್ನು ತೆರೆದು, ಲೆಡ್ ಅಸಿಟೇಟ್ ಕಾಗದವನ್ನು ಶುದ್ಧವಾದ ನೀರಿನಲ್ಲಿ ಒದ್ದೆ ಮಾಡಿ, ನಳಿಗೆಯ ಬಾಯಿಗೆ ಹಿಡಿದು, ನಲ್ಲಿಯನ್ನು ಸ್ವಲ್ಪವೇ ತೆರೆದು ಮೂವತ್ತು ಎಣಿಸಬೇಕು. ಆಮೇಲೆ ನಲ್ಲಿಯನ್ನು ಮುಚ್ಚಿ ಬಣ್ಣವನ್ನು ನೋಡಿ, ಆ ಕಾಗದವನ್ನೇ ತಾರೀಖು ಬರೆದು ಪುಸ್ತಕಕ್ಕೆ ಅಂಟಿಸತಕ್ಕದ್ದು. ಮುಂದಿನ ತಿಂಗಳು ಅದೇ ರೀತಿ, ಅಷ್ಟೇ ಹೊತ್ತು ಹಿಡಿದು, ಪಕ್ಕದಲ್ಲಿ ಅಂಟಿಸಿದರೆ, ದೋಷ ಏರಿತೋ ಇಳಿಯಿತೋ ಓದು ಬಾರದವನಿಗೂ ತಿಳಿಯುವುದು. ಸೀಸವು ವಿಷವಾದುದರಿಂದ ಕೈ ತೊಳೆಯಬೇಕು, ಮಕ್ಕಳಿಂದ ದೂರವಿಡಬೇಕು. ಅಂಕಿಯಲ್ಲಿಯೇ ತಿಳಿಯಬೇಕಾದರೆ ಗಾಜಿನ ಪರೀಕ್ಷಾ ನಳಿಗೆಗಳು ದೊರೆಯುತ್ತವೆ. ಅನಿಲವನ್ನು ಚಿಕ್ಕ ಪಂಪಿನಿಂದ ಅದರೊಳಕ್ಕೆ ಎಳೆದರೆ, ಒಳಗಿನ ಪುಡಿಯ ಬಣ್ಣ ಎಷ್ಟು ದೂರ ಬದಲಾಯಿತೋ ಅದನ್ನು ಮೇಲಿನ ಗೆರೆಗಳಿಂದ ಓದಬಹುದು. ಇದನ್ನು ಮನೆಮನೆಯೂ ಕೊಳ್ಳಬೇಕಾಗಿಲ್ಲ, ಪಂಚಾಯತಿಗೆ ಒಂದು ಪಂಪು ಸಾಕು.

ಕಾಗದವೂ ದೊರೆಯದ ಊರಿನಲ್ಲಿ ತಾಮ್ರವಿದೆ. ತಾಮ್ರದ ಚಿಕ್ಕ ತಗಡನ್ನು ಹುಣಸೆಹಣ್ಣಿನಿಂದ ತಿಕ್ಕಿ, ತೊಳೆದು, ಒರೆಸಿ, ಕೊಳವೆಯ ಜೋಡಣೆಯಲ್ಲಿ ಎರಡು ಮೂರು ದಿನ ಇರಿಸಿ ತೆಗೆದರೆ, ಅದು ಹೊಳೆಯುತ್ತಿದೆಯೋ ಮಸುಕಾಗಿದೆಯೋ ಕಾಡಿಗೆಯಂತಾಗಿದೆಯೋ ನೋಡಿ ತಿಳಿಯಬಹುದು. ಅಡುಗೆಮನೆಯಲ್ಲಿ ದುಡಿಯುವ ಹೆಣ್ಣುಮಕ್ಕಳ ಕಾಲಿನ ಬೆಳ್ಳಿಯ ಚೈನು, ಕಾಲುಂಗುರಗಳು ಬೇಗ ಕಪ್ಪಾಗುವುದೂ ಅನಿಲ ಸೋರುತ್ತಿರಬಹುದೆಂಬ ಸೂಚನೆ. ಉರಿ ಹೊತ್ತಿಸಿದಾಗ ಕಣ್ಣು ಮೂಗು ಉರಿಯುವುದೂ ಗಂಧಕದ್ದೇ ಗುರುತು. ಇವನ್ನು ಮೊದಲು ಕಾಣುವವರು ಅವರು. ಪರೀಕ್ಷೆಯ ಪುಸ್ತಕವನ್ನು ಬರೆಯುವಾಗ ಅವರ ಮಾತನ್ನು ಕೇಳದೆ ಗಂಡಸರಷ್ಟೇ ಕುಳಿತು ಬರೆದರೆ ಅರ್ಧ ಸತ್ಯ ಬಿಟ್ಟುಹೋಗುವುದು.

ಕಬ್ಬಿಣದ ಸವೆತವನ್ನು ನೇರವಾಗಿ ಅಳೆಯಬೇಕೆಂಬವರು ದೊಡ್ಡ ಕೊಳವೆಯವರ ಉಪಾಯವನ್ನೇ ಅನುಸರಿಸಬಹುದು. ಉಜ್ಜಿ ಹೊಳೆಯಿಸಿದ ಕಬ್ಬಿಣದ ತಗಡನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಸಿ, ನಲ್ಲಿಯ ಹಿಂದಿನ ಜೋಡಣೆಯಲ್ಲಿ ಮೂರು ತಿಂಗಳಿಟ್ಟು, ಜಂಗನ್ನು ಕೆರೆದು ಮತ್ತೆ ಅಲ್ಲಿಯೇ ತೂಗಿಸಿದರೆ ಆಯಿತು. ನೀರಿನ ಪರೀಕ್ಷೆಯಂತೂ ಇನ್ನೂ ಸುಲಭ. ಕೊಳವೆಯನ್ನು ಇಳಿಜಾರಾಗಿ ಹಾಕಿ, ತಗ್ಗಿನಲ್ಲಿ ನೀರು ಇಳಿಯುವ ಬಲೆಯನ್ನು ಇಟ್ಟು, ವಾರಕ್ಕೊಮ್ಮೆ ಬಸಿದು ಅಳೆಯುವುದು. ಬಸಿದ ನೀರಿನಲ್ಲಿ ನೀಲಿ ಲಿಟ್ಮಸ್ ಕಾಗದ ಕೆಂಪಾದರೆ ನೀರು ಹುಳಿಯಾಗಿದೆ. ನೀರಿನೊಡನೆ ಕರಿಯ ಪುಡಿ ಬಂದರೆ ಕೊಳವೆ ಆಗಲೇ ಸವೆಯುತ್ತಿದೆ. ಆ ಪುಡಿಯನ್ನು ಒಣಗಲು ಬಿಡಬಾರದು, ಒಣಗಿದಾಗ ತಾನಾಗಿಯೇ ಕಾದು ಕಿಡಿಯಾಗಬಹುದು. ಇಂಗಾಲಾಮ್ಲ ವಾಯುವನ್ನು ಕಂಡುಹಿಡಿಯುವ ಶ್ರಮವೇ ಬೇಡ, ಅದು ಯಾವಾಗಲೂ ಇದ್ದೇ ಇರುತ್ತದೆ.

ಇಷ್ಟೆಲ್ಲ ಏಕೆ, ಕಬ್ಬಿಣವನ್ನು ಬಿಟ್ಟು ಪ್ಲಾಸ್ಟಿಕ್ ಕೊಳವೆ ಹಾಕಿದರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಹಾಕಬೇಕಾದುದೇ ಸರಿ, ಗಂಧಕದ ವಾಯು ಅದನ್ನು ತಿನ್ನಲಾರದು. ಆದರೆ ಪ್ಲಾಸ್ಟಿಕ್ ಕೊಳವೆಯು ದೋಷವನ್ನು ಕಳೆಯುವುದಿಲ್ಲ, ಮುಂದಕ್ಕೆ ಸಾಗಿಸುತ್ತದೆ. ವರ್ಷದ ಆ ಒಂದು ಕಿಲೋ ಗಂಧಕದ ವಾಯುವೆಲ್ಲವೂ ನಲ್ಲಿಗೆ, ಒಲೆಗೆ, ಅಡುಗೆಯವರ ಮುಖಕ್ಕೆ ಬಂದು ಸೇರುತ್ತದೆ. ಅದೇ ಅನಿಲದಿಂದ ನೀರೆತ್ತುವ ಇಂಜಿನನ್ನು ಓಡಿಸಹೊರಟರೆ, ಇಂಜಿನ್ನಿನ ಎಣ್ಣೆ ಹುಳಿಯಾಗಿ ಬೇರಿಂಗುಗಳು ಹಾಳಾಗುವುವು. ಸಿಲಿಂಡರಿನ ಅನಿಲವನ್ನು ಶುದ್ಧಮಾಡಿಯೇ ತುಂಬಿರುತ್ತಾರೆ. ಆ ಅಭ್ಯಾಸದಿಂದ ತೊಟ್ಟಿಯ ಅನಿಲವೂ ಹಾಗೆಯೇ ಎಂದು ನಂಬಿದ್ದೇವೆ.

ದೋಷ ಹೆಚ್ಚೆಂದು ಕಂಡಮೇಲೆ ನಿವಾರಣೆ ಕಷ್ಟವಲ್ಲ. ಲೇತ್ ಯಂತ್ರದಿಂದ ಬೀಳುವ ಕಬ್ಬಿಣದ ಸುರುಳಿ ಚೂರುಗಳನ್ನು ನೀರು ಚಿಮುಕಿಸಿ ಕೆಂಪು ಜಂಗು ಹಿಡಿಸಿ, ದಪ್ಪ ಪ್ಲಾಸ್ಟಿಕ್ ನಳಿಗೆಯಲ್ಲಿ ತುಂಬಿ, ಅನಿಲವನ್ನು ಅದರ ಮೂಲಕ ಹಾಯಿಸಿದರೆ, ಜಂಗು ಗಂಧಕವನ್ನು ಹಿಡಿದುಕೊಳ್ಳುತ್ತದೆ. ಕೊಳವೆಯನ್ನು ಕೆಡಿಸುವ ಜಂಗೇ ಇಲ್ಲಿ ಕಾವಲುಗಾರ. ಆ ಚೂರು ಕಪ್ಪಾದಮೇಲೆ ಬದಲಾಯಿಸಬೇಕು. ಯಾವಾಗ ಕಪ್ಪಾಯಿತೆಂದು ತಿಳಿಯುವುದಕ್ಕೂ ಮತ್ತೆ ಆ ಸೀಸದ ಕಾಗದವೇ ಬೇಕು. ಪರೀಕ್ಷೆಯಿಲ್ಲದ ಶೋಧಕ ನಳಿಗೆಯು ಬರಿಯ ಅಲಂಕಾರ.

ಇನ್ನು ಹೊಣೆಯ ಮಾತು. ತೊಟ್ಟಿಗಳಿಗೆ ಸರ್ಕಾರದಿಂದ ಸಹಾಯಧನ ಕೊಡುವ ಕಾಲದಲ್ಲಿ ಕಟ್ಟಿದ ತೊಟ್ಟಿಗಳ ಲೆಕ್ಕವನ್ನು ಇಡುವುದು ವಾಡಿಕೆ. ಉರಿಯುತ್ತಿರುವ ಒಲೆಗಳ ಲೆಕ್ಕವನ್ನು ಇಡುವುದು ಅಪರೂಪ. ನಮ್ಮ ಇಲಾಖೆಗಳೂ ಇದನ್ನು ಯೋಚಿಸಬೇಕು. ಸಹಾಯಧನದ ಕೊನೆಯ ಕಂತನ್ನು ತೊಟ್ಟಿ ಪೂರ್ಣವಾದ ದಿನವಲ್ಲ, ಆರು ತಿಂಗಳ ಪರೀಕ್ಷೆಯ ಕಾಗದಗಳನ್ನು ಅಂಟಿಸಿದ ಪುಸ್ತಕವನ್ನು ತೋರಿಸಿದ ದಿನ ಕೊಡುವುದು ಉಚಿತ. ಶಿರಸಿ ತಾಲ್ಲೂಕಿನಲ್ಲಿ ತೊಟ್ಟಿಗಳು ಚೆನ್ನಾಗಿ ನಡೆಯುತ್ತಿದ್ದುದನ್ನು ಕುರಿತು ೨೦೦೧ರಲ್ಲಿ ಒಂದು ಅಧ್ಯಯನವು ಪ್ರಕಟವಾಯಿತು. ಅಲ್ಲಿ ತೊಟ್ಟಿಯನ್ನು ಕಟ್ಟಿದವರೇ ಆಮೇಲೆಯೂ ಬಂದು ನೋಡಿಕೊಳ್ಳುವ ಪದ್ಧತಿ ಇದ್ದಿತು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿ‍ಜ್ಞಾನ ಸಂಸ್ಥೆಯವರು ೧೯೮೦ರ ದಶಕದಲ್ಲಿ ಊರೊಟ್ಟಿನ ತೊಟ್ಟಿಯಿಂದ ಇಂಜಿನ್ ಓಡಿಸಿ ನೀರನ್ನೂ ದೀಪವನ್ನೂ ಒದಗಿಸಿದಾಗ, ಮನೆಮನೆಯ ಸೆಗಣಿಯನ್ನು ತೂಗಿ ಬರೆದುಕೊಂಡು, ಬಗ್ಗಡವನ್ನು ಗೊಬ್ಬರವಾಗಿ ಹಿಂದಕ್ಕೆ ಕೊಡುವ ಕ್ರಮವಿತ್ತು. ಒಳಕ್ಕೆ ಹೋಗುವ ಸೆಗಣಿಯನ್ನು ತೂಗಬಲ್ಲ ಊರು ಹೊರಕ್ಕೆ ಬರುವ ಅನಿಲವನ್ನೂ ಪರೀಕ್ಷಿಸಬಲ್ಲದು.

ಈ ಕೆಲಸವು ಆರ್.ಎಚ್. ಕ್ಯಾಂಪುಗಳಿಂದ ಆರಂಭವಾದರೆ ಒಳ್ಳೆಯದೆಂದು ತೋರುತ್ತದೆ. ಪೂರ್ವ ಬಂಗಾಳವನ್ನು ಬಿಟ್ಟು ಬಂದ ಕುಟುಂಬಗಳು ಸುಮಾರು ಅರ್ಧ ಶತಮಾನದ ಹಿಂದೆ ಇಲ್ಲಿ ನೆಲೆಯೂರಿ, ಗೊತ್ತಿಲ್ಲದ ಎರೆಮಣ್ಣಿನಲ್ಲಿ ಗೊತ್ತಿದ್ದ ನೆಲ್ಲನ್ನು ಬೆಳೆದು ಊರು ಕಟ್ಟಿಕೊಂಡರು. ಕ್ಯಾಂಪುಗಳು ಒಂದಕ್ಕೊಂದು ಹತ್ತಿರವಾದುದರಿಂದ ಪರೀಕ್ಷೆ ಕಲಿತ ಒಬ್ಬ ಯುವಕನೋ ಯುವತಿಯೋ ಎಲ್ಲ ಕ್ಯಾಂಪುಗಳ ತೊಟ್ಟಿಗಳನ್ನು ನೋಡಿಕೊಳ್ಳಬಹುದು. ಆದರೆ ಸೂಚನೆಯ ಪತ್ರವನ್ನು ಕನ್ನಡದಲ್ಲಿ ಮಾತ್ರ ಅಚ್ಚುಮಾಡಿಸಿದರೆ ಸಾಲದು. ಬಂಗಾಳಿಯಲ್ಲಿಯೂ, ಸುತ್ತಲಿನ ಕ್ಯಾಂಪುಗಳಿಗಾಗಿ ತೆಲುಗಿನಲ್ಲಿಯೂ ಮಾಡಿಸಬೇಕು.

ಮುಂದೆ ಬರಬಹುದಾದ ಇನ್ನೊಂದು ವಿಷಯವನ್ನು ಜಮೀನುದಾರರು ಗಮನಿಸತಕ್ಕದ್ದು. ಹುಲ್ಲು, ಸೆಗಣಿ ಮೊದಲಾದುವುಗಳಿಂದ ಅನಿಲ ಮಾಡಿ, ಶುದ್ಧಗೊಳಿಸಿ, ಒತ್ತಿ ತುಂಬಿ ವಾಹನಗಳಿಗೆ ಮಾರುವ ಕಾರ್ಖಾನೆಗಳನ್ನು ಪ್ರೋತ್ಸಾಹಿಸುವ ಸತತ್ ಎಂಬ ಯೋಜನೆಯನ್ನು ಕೇಂದ್ರ ಸರ್ಕಾರವು ೨೦೧೮ರ ಅಕ್ಟೋಬರಿನಲ್ಲಿ ಆರಂಭಿಸಿತು. ಗದ್ದೆಯಲ್ಲಿಯೇ ಸುಡುವ ನೆಲ್ಲುಹುಲ್ಲಿಗೆ ಇದರಿಂದ ಬೆಲೆ ಬಂದೀತೆಂಬ ಆಸೆ ನ್ಯಾಯವಾದುದು. ಆ ಅನಿಲಕ್ಕೆ ಭಾರತೀಯ ಮಾನಕವು ೨೦೧೬ರಲ್ಲಿಯೇ ಮಿತಿಯನ್ನು ಗೊತ್ತುಮಾಡಿದೆ: ಮಿಥೇನ್ ನೂರಕ್ಕೆ ೯೦ಕ್ಕೆ ಕಡಿಮೆಯಿರಬಾರದು, ಗಂಧಕವು ಒಂದು ಘನ ಮೀಟರಿಗೆ ೨೦ ಮಿಲಿಗ್ರಾಂ, ತೇವವು ೫ ಮಿಲಿಗ್ರಾಂ ಮೀರಕೂಡದು. ಮೊದಲು ಹೇಳಿದ ತೊಟ್ಟಿಯ ಅನಿಲದಲ್ಲಿ ಗಂಧಕದ ವಾಯು ಘನ ಮೀಟರಿಗೆ ೧,೪೦೦ ಮಿಲಿಗ್ರಾಮಿನಷ್ಟಿರುವುದನ್ನು ಇದರೊಡನೆ ಹೋಲಿಸಿ ನೋಡಬಹುದು. ಇಂಥ ಕಾರ್ಖಾನೆಯು ತನ್ನ ಊರಿನ ಎಲ್ಲೆಗೆ ಬಂದು ಒಪ್ಪಿಗೆ ಕೇಳಿದಾಗ, ಪಂಚಾಯತಿಯು ತೆರಿಗೆಯನ್ನೂ ಉದ್ಯೋಗವನ್ನೂ ಕೇಳುವುದರ ಜೊತೆಗೆ, ಪ್ರತಿದಿನದ ಅನಿಲ ಪರೀಕ್ಷೆಯ ಅಂಕಿಗಳನ್ನು ಜನರ ಭಾಷೆಯಲ್ಲಿ ಬಾಗಿಲಿನ ಹಲಗೆಯ ಮೇಲೆ ಬರೆಯಬೇಕೆಂಬ ಷರತ್ತನ್ನು ಹಾಕುವುದು ಅವಶ್ಯಕ. ಕೊಳವೆಯನ್ನು ಹೊಲದ ಕೆಳಗೆ ಹಾಯಿಸುವುದಾದರಂತೂ ಆ ಅಂಕಿಗಳನ್ನು ಕೇಳುವ ಹಕ್ಕು ಹೊಲದ ಒಡೆಯನಿಗೆ ಇನ್ನೂ ಹೆಚ್ಚು.

ಮನೆಯ ತೊಟ್ಟಿಗಳ ಪುಸ್ತಕಕ್ಕೆ ಐದು ಅಂಕಣಗಳು ಸಾಕಾಗುವುವು: ತಾರೀಖು, ಬೆರೆಸಿದ ನೀರು ಎಲ್ಲಿಯದು, ಬಲೆಯಿಂದ ಬಸಿದ ನೀರೆಷ್ಟು, ಅಂಟಿಸಿದ ಕಾಗದ, ಮನೆಯವರು ಹೇಳಿದ ಮಾತು. ಕಾಲುವೆಯ ನೀರು ನಿಲ್ಲುವ ಬೇಸಿಗೆಯಲ್ಲಿಯೇ ದೋಷ ಏರುವ ಸಂಭವವಿರುವುದರಿಂದ ಮೊದಲನೆಯ ಕಾಗದವನ್ನು ನೀರು ಹರಿಯುತ್ತಿರುವಾಗಲೇ ಅಂಟಿಸಿಟ್ಟರೆ, ಬೇಸಿಗೆಯ ಕಾಗದವನ್ನು ಅದರ ಪಕ್ಕದಲ್ಲಿಟ್ಟು ನೋಡಲು ಅನುಕೂಲ.